ಗೀರು ಬೀಳದ ಹಾಗೆ ಕಾರಿಗೊಂದು ಸ್ನಾನ

ಅರಿಶಿನಕುಂಟೆಯಲ್ಲಿ ಬೇಸಿಗೆಯ ಹೊತ್ತು ತುಮಕೂರು ರಸ್ತೆಯ ಬದಿಗೆ ಎರಡು ದಿನ ನಿಲ್ಲಿಸಿದ ಕಾರಿನ ಬಾನೆಟ್ಟಿನ ಮೇಲೆ ಬೆರಳಿನಲ್ಲಿ ಹೆಸರು ಬರೆಯಬಹುದು. ಬೀದಿಯ ಮಕ್ಕಳು ಬರೆದೇ ಬರೆಯುತ್ತಾರೆ. ಕಾರಿನವರು ಬೈದು, ತೊಳೆದು, ಒರೆಸಿ ಮುಗಿಸಿದ ಮೇಲೆ ಸಂಜೆಯ ಓರೆ ಬಿಸಿಲಿನಲ್ಲಿ ನೋಡಿದರೆ ಆ ಹೆಸರು ಮಸುಕಾಗಿ ಅಲ್ಲೇ ಇರುತ್ತದೆ. ಧೂಳು ಹೋಗಿದೆ, ಅಕ್ಷರ ಉಳಿದಿದೆ. ಅದನ್ನು ಕೊರೆಯುವಷ್ಟು ಬಲ ಮಗುವಿನ ಬೆರಳಿಗಿಲ್ಲ. ಬೆರಳಿನಡಿ ಸಿಕ್ಕಿಕೊಂಡ ಕಣಗಳಿಗಿದೆ.

ಆದ್ದರಿಂದ ಈ ಊರಿನ ಧೂಳು ಎಂಥದು ಎಂಬುದನ್ನೇ ಮೊದಲು ನೋಡಬೇಕು. ಬೆಂಗಳೂರಿನಿಂದ ಹೊರಟವರಿಗೆ ಮಾದಾವರ ದಾಟಿ ನೆಲಮಂಗಲಕ್ಕೆ ಮುಂಚೆ ಸಿಗುವ ಅರಿಶಿನಕುಂಟೆ, ವಿಶ್ವಶಾಂತಿ ಆಶ್ರಮದ ಎತ್ತರದ ಮೂರ್ತಿಗಳಿಂದಾಗಿ ದಾರಿಹೋಕರಿಗೆಲ್ಲ ಪರಿಚಯ. ಮುಂದೆ ನೆಲಮಂಗಲದಲ್ಲಿ ಹೆದ್ದಾರಿ ಕವಲೊಡೆದು ಒಂದು ತುಮಕೂರಿನ ಕಡೆಗೂ ಇನ್ನೊಂದು ಕುಣಿಗಲ್, ಹಾಸನದ ಮೇಲೆ ಮಂಗಳೂರಿನ ಕಡೆಗೂ ಹೋಗುತ್ತದೆ. ಎರಡೂ ಕಡೆಯ ಲಾರಿ, ಬಸ್ಸು, ಕಂಟೇನರುಗಳೆಲ್ಲ ಬೆಂಗಳೂರು ಸೇರಬೇಕಾದರೆ ಈ ಊರಿನ ಮುಂದೆಯೇ ಹಾಯಬೇಕು. 2024ರ ನವೆಂಬರ್‌ನಲ್ಲಿ ಮೆಟ್ರೊ ಮಾದಾವರದವರೆಗೆ ಬಂತು. ಸುತ್ತಲೂ ಗೋದಾಮು, ಬಡಾವಣೆ, ಅಪಾರ್ಟ್‌ಮೆಂಟು ಎಂದು ಒಂದಲ್ಲ ಒಂದು ಕಟ್ಟಡದ ಕೆಲಸ ನಡೆದೇ ಇರುತ್ತದೆ. ಎಂ-ಸ್ಯಾಂಡ್ ತುಂಬಿದ ಟಿಪ್ಪರುಗಳು ಟಾರ್ಪಾಲು ಸರಿಯಾಗಿ ಮುಚ್ಚದೆ ಓಡಾಡುತ್ತವೆ.

ನೆಲವೂ ಅಂಥದೇ. ಈ ಸೀಮೆಯ ಬುಡದಲ್ಲಿರುವುದು ನೈಸ್ ಮತ್ತು ಗ್ರಾನೈಟ್ ಬಂಡೆ. ಇದೇ ತಾಲ್ಲೂಕಿನ ಶಿವಗಂಗೆ ಬೆಟ್ಟ ಅದರ ತಲೆಯೆತ್ತಿದ ರೂಪ. ಬಂಡೆ ಸಾವಿರಾರು ವರ್ಷ ಕೊಳೆತು ಕೆಂಪು ಮಣ್ಣಾಗುವಾಗ ಅದರೊಳಗಿನ ಬೇರೆ ಖನಿಜಗಳು ಜೇಡಿಯಾಗುತ್ತವೆ. ಬೆಣಚು ಮಾತ್ರ ಕರಗದೆ ಕಣಕಣವಾಗಿ ಉಳಿಯುತ್ತದೆ. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪನದಲ್ಲಿ ಬೆಣಚಿಗೆ 7 ಅಂಕ. ಕಿಟಕಿಯ ಗಾಜಿಗೆ ಐದೂವರೆಯ ಆಸುಪಾಸು. ಹೊಳೆ ಮರಳಾದರೆ ನೀರಿನಲ್ಲಿ ಉರುಳಿ ಮೂಲೆ ಸವೆದಿರುತ್ತದೆ. ಕ್ರಷರ್‌ನಲ್ಲಿ ಪುಡಿ ಮಾಡಿದ ಎಂ-ಸ್ಯಾಂಡ್‌ನ ಕಣಕ್ಕೆ ಮೂಲೆಗಳೇ ಹೆಚ್ಚು. ಗಾಜನ್ನೇ ಗೀರಬಲ್ಲ ಈ ಪುಡಿ ಕಾರಿನ ಮೇಲೆ ಸುಮ್ಮನೆ ಕೂತಿರುವವರೆಗೆ ಯಾವ ತೊಂದರೆಯೂ ಇಲ್ಲ. ಯಾರಾದರೂ ಬಟ್ಟೆ ಹಿಡಿದು ಬಂದಾಗ ತೊಂದರೆ ಶುರುವಾಗುತ್ತದೆ.

ಕಾರಿನ ಬಣ್ಣ ಎಂದು ಕಣ್ಣಿಗೆ ಕಾಣುವುದು ಒಂದೇ ಪದರವಲ್ಲ. ಬಿಡದಿಯ ಕಾರ್ಖಾನೆಯಿರಲಿ, ಚೆನ್ನೈ, ಪುಣೆಯ ಕಾರ್ಖಾನೆಗಳಿರಲಿ, ವಿಧಾನ ಹೆಚ್ಚುಕಡಿಮೆ ಒಂದೇ. ತಗಡಿನ ಮೈಯನ್ನು ದೊಡ್ಡ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹಾಯಿಸಿ, ತುಕ್ಕು ತಡೆಯುವ ಮೊದಲ ಪದರ ಹಿಡಿಸುತ್ತಾರೆ. ಅದರ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಬಣ್ಣವೇ ಇಲ್ಲದ ಕ್ಲಿಯರ್ ಕೋಟ್. ಒಲೆಯಲ್ಲಿ ಬೇಯಿಸಿ ಹೊರತಂದಾಗ ಎಲ್ಲ ಪದರಗಳೂ ಸೇರಿ ಸುಮಾರು 100ರಿಂದ 140 ಮೈಕ್ರಾನ್ ದಪ್ಪ. ಅದರಲ್ಲಿ ಕ್ಲಿಯರ್ ಕೋಟಿನ ಪಾಲು 35ರಿಂದ 50 ಮೈಕ್ರಾನ್. ಒಂದು ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಇರುತ್ತದೆ. ಹತ್ತು ಲಕ್ಷದ ಕಾರಿನ ಹೊಳಪೆಲ್ಲ ಕೂದಲಿಗಿಂತ ತೆಳುವಾದ ಒಂದು ಪ್ಲಾಸ್ಟಿಕ್ ಹಾಳೆಯಲ್ಲಿದೆ. ಬಿಸಿಲಿನ ಅತಿನೇರಳೆ ಕಿರಣ, ಹಕ್ಕಿಯ ಹಿಕ್ಕೆ, ಮಳೆ, ಬಟ್ಟೆ ಎಲ್ಲವನ್ನೂ ತಡೆದುಕೊಳ್ಳಬೇಕಾದದ್ದು ಅದೇ.

ಮೊದಲು ಹೀಗಿರಲಿಲ್ಲ. ಮೋಟಾರು ಬಂದ ಹೊಸದರಲ್ಲಿ ಬಂಡಿಗಳಿಗೆ ಹಚ್ಚುತ್ತಿದ್ದ ವಾರ್ನಿಷನ್ನೇ ಕಾರಿಗೂ ಪದರಪದರವಾಗಿ ಹಚ್ಚಿ, ಒಣಗಲು ವಾರಗಟ್ಟಲೆ ಕಾಯುತ್ತಿದ್ದರು. 1920ರ ದಶಕದಲ್ಲಿ ಅಮೆರಿಕದ ಡುಪಾಂಟ್ ಕಂಪನಿ ಡುಕೊ ಎಂಬ ಬೇಗ ಒಣಗುವ ಬಣ್ಣ ತಂದ ಮೇಲೆ ಆ ಕಾಯುವ ಕಾಲ ಮುಗಿಯಿತು. ನಮ್ಮ ಅಂಬಾಸಡರಿನ ಕಾಲಕ್ಕೂ ಬಣ್ಣವೇ ಮೇಲಿನ ಪದರ. ಬಿಳಿ ಅಂಬಾಸಡರನ್ನು ಪಾಲಿಶ್ ಹಾಕಿ ಉಜ್ಜಿದರೆ ಬಟ್ಟೆಯೂ ಬೆಳ್ಳಗಾಗುತ್ತಿತ್ತು. ಎಷ್ಟು ಬಣ್ಣ ಹೋಯಿತು ಎಂದು ಚಾಲಕನಿಗೆ ಕೈಯಲ್ಲೇ ಲೆಕ್ಕ ಸಿಗುತ್ತಿತ್ತು. ಈಗಿನ ಕಾರನ್ನು ಉಜ್ಜಿದರೆ ಹೋಗುವುದು ಬಣ್ಣವಿಲ್ಲದ ಪದರ. ಬಟ್ಟೆ ಶುಭ್ರವಾಗಿಯೇ ಇರುತ್ತದೆ, ಉಜ್ಜಿದವರಿಗೆ ಸಮಾಧಾನವೂ ಆಗುತ್ತದೆ. ಶ್ರೀರಂಗಪಟ್ಟಣದ ಹತ್ತಿರ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಕಟ್ಟಿಸಿದ ‘ಪಯಣ’ ಸಂಗ್ರಹಾಲಯಕ್ಕೆ ಹೋದವರು ಹಳೆಯ ಕಾರುಗಳ ಬಣ್ಣದ ಹೊಳಪಿಗೂ ಹೊರಗೆ ನಿಲ್ಲಿಸಿ ಬಂದ ತಮ್ಮ ಕಾರಿನ ಹೊಳಪಿಗೂ ಇರುವ ವ್ಯತ್ಯಾಸವನ್ನು ಹೋಲಿಸಿ ನೋಡಬಹುದು. ಇನ್ನು 2001ರಲ್ಲಿ ಬೆಂಗಳೂರಿನಿಂದಲೇ ಬೀದಿಗಿಳಿದ ಪುಟ್ಟ ರೇವಾ ವಿದ್ಯುತ್ ಕಾರಿನದು ಬೇರೆಯೇ ಕತೆ. ಅದರ ಮೈ ಬಣ್ಣ ಬೆರೆತ ಎಬಿಎಸ್ ಪ್ಲಾಸ್ಟಿಕ್ಕಿನದು. ಗೀರು ಬಿದ್ದರೂ ಒಳಗೆ ಅದೇ ಬಣ್ಣ.

ಕಪ್ಪು ಅಥವಾ ಕಡು ನೀಲಿ ಕಾರನ್ನು ಬಿಸಿಲಿಗೆ ನಿಲ್ಲಿಸಿದರೆ, ಸೂರ್ಯನ ಪ್ರತಿಬಿಂಬದ ಸುತ್ತ ಜೇಡರ ಬಲೆಯ ಹಾಗೆ ಸುತ್ತುಸುತ್ತಾದ ಗೆರೆಗಳು ಕಾಣುತ್ತವೆ. ಕಾರನ್ನು ಸುತ್ತಿಸುತ್ತಿ ಒರೆಸಿದ್ದರಿಂದ ಹೀಗಾಯಿತು ಎಂದು ಎಲ್ಲರೂ ತಿಳಿಯುತ್ತಾರೆ. ಹಾಗೇನಿಲ್ಲ. ಗೀರುಗಳು ಎಲ್ಲ ದಿಕ್ಕಿಗೂ ಹರಡಿರುತ್ತವೆ. ಬೆಳಕು ಬಂದ ದಿಕ್ಕಿಗೆ ಅಡ್ಡಲಾಗಿರುವವು ಮಾತ್ರ ಅದನ್ನು ಕಣ್ಣಿಗೆ ತಿರುಗಿಸುವುದರಿಂದ ಬೆಳಕಿನ ಸುತ್ತ ಬಳೆ ಕಟ್ಟಿದಂತೆ ತೋರುತ್ತದೆ. ದಿನಾ ಬೆಳಗುವ ಸ್ಟೀಲ್ ತಟ್ಟೆಯನ್ನು ಬಲ್ಬಿನ ಕೆಳಗೆ ಹಿಡಿದರೆ ಕಾಣುವುದೂ ಇದೇ ಬಳೆ. ತಟ್ಟೆಯನ್ನು ಸರಿಸಿದರೆ ಬಳೆಯೂ ಬೆಳಕಿನ ಹಿಂದೆಯೇ ಸರಿಯುತ್ತದೆ. ಬಿಳಿ, ಬೆಳ್ಳಿ ಬಣ್ಣದ ಕಾರುಗಳಲ್ಲೂ ಗೀರುಗಳು ಅಷ್ಟೇ ಇರುತ್ತವೆ, ಕಾಣುವುದಿಲ್ಲ ಅಷ್ಟೆ. ಟ್ಯಾಕ್ಸಿಯವರು ಬಿಳಿ ಕಾರು ಇಷ್ಟಪಡುವುದಕ್ಕೆ ಇದೂ ಒಂದು ಕಾರಣವಿದ್ದರೆ ಆಶ್ಚರ್ಯವಿಲ್ಲ.

ಗೀರು ಹಾಕುವ ಸಾಮಗ್ರಿ ಬಹುಪಾಲು ಕಾರುಗಳ ಒಳಗೇ ಇರುತ್ತದೆ. ಸಿಗ್ನಲ್ಲಿನಲ್ಲಿ ಮಾರುವ ಹಳದಿ ಬಟ್ಟೆ ಅದರಲ್ಲಿ ಮೊದಲನೆಯದು. ಬೆಳಿಗ್ಗೆ ಎದ್ದು ಒಣ ಬಟ್ಟೆಯಿಂದ ಬಾನೆಟ್ಟಿನ ಧೂಳು ಒರೆಸಿ, ಕೊಡವಿ, ಮತ್ತೆ ಸೀಟಿನ ಕೆಳಗೆ ತುರುಕುವುದು ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ನಿತ್ಯದ ನೋಟ. ಬಟ್ಟೆ ಮೆತ್ತಗಿದೆ, ನಿಜ. ಬೆಣಚಿನ ಪುಡಿಯನ್ನು ಹಿಡಿದು ಎಳೆಯಲು ಅಷ್ಟು ಮೆತ್ತಗಿದ್ದರೆ ಸಾಕು. ದಾರದ ಜೂಲಿನ ಡಸ್ಟರ್ ಅದಕ್ಕಿಂತ ಸ್ವಲ್ಪ ವಾಸಿ, ಆದರೆ ತೊಳೆಯದೆ ವರ್ಷ ಕಳೆದರೆ ಅದೂ ಮರಳು ಕಾಗದದ ಕೆಲಸಕ್ಕೆ ಇಳಿಯುತ್ತದೆ. ಅಪಾರ್ಟ್‌ಮೆಂಟುಗಳಲ್ಲಿ ತಿಂಗಳಿಗಿಷ್ಟು ಎಂದು ಕೊಟ್ಟು ದಿನಾ ಕಾರು ಒರೆಸಿಸುವ ಪದ್ಧತಿಯಿದೆ. ಒರೆಸುವವರು ಬೆಳಗಾಗುವುದರೊಳಗೆ ಸಾಲು ಕಾರು ಮುಗಿಸಬೇಕು; ನೀರು ಒಂದೇ ಬಕೆಟ್, ಬಟ್ಟೆ ಒಂದೇ. ಮೊದಲ ಕಾರಿನ ಧೂಳು ಕೊನೆಯ ಕಾರಿನವರೆಗೂ ಪ್ರಯಾಣ ಮಾಡುತ್ತದೆ. ಅವರನ್ನು ದೂರಿ ಪ್ರಯೋಜನವಿಲ್ಲ. ಕಾರಿನವರು ಕೇಳಿದ್ದು ದಿನಾ ಹೊಳೆಯುವ ಕಾರು, ಕೊಟ್ಟದ್ದು ಒಂದು ಬಕೆಟ್ ನೀರು.

ವಾರಕ್ಕೊಮ್ಮೆ ಸರಿಯಾಗಿ ತೊಳೆದ ಕಾರು ದಿನಾ ಒರೆಸಿದ ಕಾರಿಗಿಂತ ಹೆಚ್ಚು ವರ್ಷ ಹೊಸದಾಗಿ ಕಾಣುತ್ತದೆ.

ಹಾಗಾದರೆ ಸರಿಯಾಗಿ ತೊಳೆಯುವುದೆಂದರೆ ಏನು? ಮೊದಲ ಹೆಜ್ಜೆಯಲ್ಲಿ ಕಾರನ್ನು ಮುಟ್ಟುವುದೇ ಇಲ್ಲ. ನೆರಳಿನಲ್ಲಿ ನಿಲ್ಲಿಸಿ, ಬಾನೆಟ್ ಕೈಗೆ ತಣ್ಣಗೆ ತಾಗುವವರೆಗೆ ಬಿಟ್ಟು, ಬರಿಯ ನೀರನ್ನು ಟಾಪಿನಿಂದ ಕೆಳಕ್ಕೆ ಹರಿಸಬೇಕು. ಸಡಿಲವಾಗಿ ಕೂತ ಮರಳಿನ ದೊಡ್ಡ ಪಾಲು ಇಷ್ಟಕ್ಕೇ ಇಳಿದುಹೋಗುತ್ತದೆ. ಒಣಗಿ ಅಂಟಿಕೊಂಡ ಕೆಸರಿದ್ದರೆ ಇನ್ನೊಮ್ಮೆ ನೆನೆಸಿ ಐದು ನಿಮಿಷ ಕಾಯಬೇಕು. ಮಳೆಗಾಲದಲ್ಲಿ ಮಣ್ಣು ರಸ್ತೆಯ ಬಡಾವಣೆಯೊಳಗಿಂದ ಬಂದ ಕಾರಿನ ಬಾಗಿಲಿನ ಕೆಳಗಿನ ಅಂಚಿಗೆ ಮೂರು ಸಲ ನೆನೆಸಿದರೂ ಅತಿಯಾಗಲಿಲ್ಲ. ಅವಸರದವರು ಇಲ್ಲೇ ಸೋಲುತ್ತಾರೆ. ಮಗ್ಗಿನಲ್ಲಿ ಎರಡು ಸಲ ನೀರು ಎರಚಿ, ಸೋಪಿನ ಬಟ್ಟೆ ಹಿಡಿದು ತಿಕ್ಕಲು ಶುರುಮಾಡುತ್ತಾರೆ.

ಎರಡನೆಯದು ಎರಡು ಬಕೆಟ್. ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರಿಯ ನೀರು. ಶಾಂಪೂವಿನಲ್ಲಿ ಅದ್ದಿದ ಕೈಗವಸಿನಿಂದ ಒಂದು ಭಾಗ ತೊಳೆದು, ಮತ್ತೆ ಶಾಂಪೂವಿಗೆ ಅದ್ದುವ ಮೊದಲು ಬರಿಯ ನೀರಿನಲ್ಲಿ ಅಲುಬಿ ಹಿಂಡಬೇಕು. ಕೆಲಸ ಮುಗಿದಾಗ ಎರಡನೆಯ ಬಕೆಟ್ಟಿನ ತಳದಲ್ಲಿ ಕೂತಿರುವ ಮರಳನ್ನು ಒಮ್ಮೆ ನೋಡಿದವರು ಒಂದೇ ಬಕೆಟ್ಟಿಗೆ ವಾಪಸು ಹೋಗುವುದಿಲ್ಲ. ಬಕೆಟ್ಟಿನ ತಳಕ್ಕೆ ಹಾಕುವ ಜಾಲರಿ ಅಂಗಡಿಯಲ್ಲಿ ಸಿಗುತ್ತದೆ; ಕೆಳಗೆ ಕೂತ ಮರಳು ಮೇಲೇಳದಂತೆ ತಡೆಯುತ್ತದೆ. ಇಲ್ಲದಿದ್ದರೂ ನಡೆಯುತ್ತದೆ, ನೀರನ್ನು ಮಧ್ಯೆ ಒಮ್ಮೆ ಬದಲಾಯಿಸಿದರಾಯಿತು.

ತೊಳೆಯುವ ಕ್ರಮ ಮೇಲಿನಿಂದ ಕೆಳಕ್ಕೆ: ಟಾಪು, ಗಾಜು, ಬಾನೆಟ್, ಡಿಕ್ಕಿ, ಬಾಗಿಲಿನ ಮೇಲರ್ಧ, ಕೊನೆಗೆ ಕೆಳಗಿನ ಅಂಚು ಮತ್ತು ಬಂಪರ್. ಚಕ್ರಗಳಿಗೆ ಬೇರೆಯೇ ಬಟ್ಟೆ, ಬೇರೆಯೇ ನೀರು. ಬ್ರೇಕ್ ಸವೆದು ಬೀಳುವ ಕರಿಪುಡಿಯಲ್ಲಿ ಕಬ್ಬಿಣದ ಚೂರುಗಳಿರುತ್ತವೆ. ಚಕ್ರ ಒರೆಸಿದ ಬಟ್ಟೆ ಬಾನೆಟ್ಟಿಗೆ ಬಂದರೆ ಮಾಡಿದ ಜಾಗ್ರತೆಯೆಲ್ಲ ನೀರುಪಾಲು. ಒತ್ತಿ ತಿಕ್ಕುವ ಅಗತ್ಯ ಎಲ್ಲೂ ಇಲ್ಲ, ಕೈಗವಸಿನ ಭಾರವೇ ಸಾಕು. ನೇರ ಗೆರೆಯಲ್ಲಿ ಎಳೆಯಿರಿ ಎನ್ನುತ್ತಾರೆ ಕೆಲಸ ಬಲ್ಲವರು. ಗೀರು ಬಿದ್ದರೂ ಒಂದೇ ದಿಕ್ಕಿಗೆ ಬೀಳುತ್ತದೆ, ಹೆಚ್ಚು ಕೋನಗಳಿಂದ ಕಾಣುವುದಿಲ್ಲ ಎಂಬುದು ಅದರ ತರ್ಕ. ಬಟ್ಟೆ ಕೈಜಾರಿ ನೆಲಕ್ಕೆ ಬಿದ್ದರೆ? ಆ ದಿನಕ್ಕೆ ಅದರ ಕೆಲಸ ಮುಗಿಯಿತು.

ಬಟ್ಟೆಯ ಆಯ್ಕೆಯಲ್ಲಿ ಹಳೆಯ ಬನಿಯನ್ನಿಗೆ ನಮ್ಮಲ್ಲಿ ಅಗ್ರಪೂಜೆ. ಹತ್ತಿಯೇನೋ ಹೌದು, ಆದರೆ ಹೊಲಿಗೆಯ ಅಂಚು ಗಡಸು, ನೂಲು ಚಪ್ಪಟೆ. ಕಣ ಒಳಗೆ ಹೋಗಲು ಜಾಗವಿಲ್ಲದೆ ಬಟ್ಟೆಗೂ ಬಣ್ಣಕ್ಕೂ ನಡುವೆಯೇ ಉರುಳುತ್ತದೆ. ಉದ್ದ ಎಳೆಯ ಮೈಕ್ರೊಫೈಬರ್‌ಗೆ ಗುಣ ಬಂದದ್ದೇ ಅದರ ರಚನೆಯಿಂದ. ಪಾಲಿಯೆಸ್ಟರ್ ಮತ್ತು ನೈಲಾನ್ ಜಾತಿಯ ಎರಡು ಪ್ಲಾಸ್ಟಿಕ್ಕನ್ನು ಸೇರಿಸಿ ಎಳೆ ತೆಗೆದು, ಆಮೇಲೆ ಆ ಎಳೆಯನ್ನೇ ಸೀಳುತ್ತಾರೆ. ಸೀಳಿನ ಸಂದುಗಳು ನೀರನ್ನೂ ಧೂಳನ್ನೂ ಒಳಗೆಳೆದುಕೊಳ್ಳುತ್ತವೆ. ಈ ಬಟ್ಟೆಯನ್ನು ಒಗೆಯುವಾಗ ಕಂಫರ್ಟ್‌ನಂಥ ಮೆದುಕಾರಕ ಹಾಕಬಾರದು, ಸಂದುಗಳು ಮುಚ್ಚಿಹೋಗುತ್ತವೆ. ಅಂಗಿ, ಲುಂಗಿಗಳ ಜೊತೆ ಒಗೆದರೆ ಹತ್ತಿಯ ಜುಂಗು ಅಂಟುತ್ತದೆ.

ಶಾಂಪೂ ಎಂದೊಡನೆ ಬಚ್ಚಲಮನೆಯ ಪೊಟ್ಟಣ ನೆನಪಾಗುವುದು ಸಹಜ. ಕಾರಿಗೆ ಬಟ್ಟೆ ಒಗೆಯುವ ಪುಡಿ ಹಾಕುವವರೇ ಹೆಚ್ಚು. ಅದರಲ್ಲಿ ವಾಷಿಂಗ್ ಸೋಡಾ ಇರುವುದರಿಂದ ನೀರು ಕ್ಷಾರವಾಗಿ, ಪಿಎಚ್ 10ರ ಹತ್ತಿರಕ್ಕೆ ಏರುತ್ತದೆ. ಕಾರಿನ ಶಾಂಪೂ 7ರ ಆಸುಪಾಸಿನಲ್ಲಿರುತ್ತದೆ. ಒಂದು ಸಲ ಪುಡಿಯಲ್ಲಿ ತೊಳೆದರೆ ಬಣ್ಣ ಕಿತ್ತುಬರುವುದಿಲ್ಲ, ಆ ಹೆದರಿಕೆ ಬೇಡ. ಹಚ್ಚಿದ ಮೇಣ ಮಾತ್ರ ಹೋಗುತ್ತದೆ. ರಬ್ಬರ್ ಪಟ್ಟಿಗಳು ಬೇಗ ಒಣಗುತ್ತವೆ. ಕರಗದ ಪುಡಿ ಸ್ವತಃ ಗೀರುತ್ತದೆ. ಪಾತ್ರೆ ತೊಳೆಯುವ ದ್ರವದ್ದೂ ಅರ್ಧ ಇದೇ ಹಾಡು. ಜಿಡ್ಡು ಬಿಡಿಸುವುದು ಅದರ ಕಸುಬು, ಮೇಣವನ್ನೂ ಜಿಡ್ಡೆಂದೇ ಎಣಿಸುತ್ತದೆ.

ಹೆದ್ದಾರಿಯ ಪಕ್ಕದ ‘ವಾಟರ್ ಸರ್ವೀಸ್’ ಅಂಗಡಿಗಳ ಬಗ್ಗೆ ಒಂದು ಮಾತು. ಲಿಫ್ಟಿನ ಮೇಲೆ ಕಾರೆತ್ತಿ, ಪೈಪು ಹಿಡಿದು ತಳದ ಕೆಸರೆಲ್ಲ ಕೆಡಹುವ ಕೆಲಸದಲ್ಲಿ ಅವರನ್ನು ಮೀರಿಸುವವರಿಲ್ಲ. ಮೇಲ್ಮೈಗೆ ಅದೇ ಒತ್ತಡದ ನೀರು ಬೇಡ. ಹಿಂದೆ ಕಲ್ಲು ಬಡಿದು ಚೂರೆದ್ದ ಕಡೆ, ಗ್ಯಾರೇಜಿನಲ್ಲಿ ಮತ್ತೆ ಬಣ್ಣ ಹೊಡೆದ ಕಡೆ, ಸ್ಟಿಕ್ಕರಿನ ಅಂಚಿನಲ್ಲಿ ಹತ್ತಿರದಿಂದ ಹಿಡಿದ ನೀರು ಬಣ್ಣವನ್ನು ಸಿಪ್ಪೆಯೆಬ್ಬಿಸುತ್ತದೆ. ಗನ್ನನ್ನು ಕನಿಷ್ಠ ಒಂದಡಿ ದೂರ, ಅಗಲ ಬೀಸಣಿಗೆಯಾಗಿ ಹಿಡಿಯಬೇಕು. ಈಗ ಎಲ್ಲ ಕಡೆ ಬಂದಿರುವ ಫೋಮ್ ವಾಶ್ ಒಳ್ಳೆಯದೇ. ನೊರೆ ಧೂಳನ್ನು ನೆನೆಸಿ ಕೆಳಗಿಳಿಸುತ್ತದೆ. ನೊರೆ ಹೋದ ಮೇಲೆ ಹುಡುಗ ಯಾವ ಬಟ್ಟೆ ಎತ್ತಿಕೊಳ್ಳುತ್ತಾನೆ ಎಂಬುದರಲ್ಲಿ ವಿಷಯವಿದೆ. ಹತ್ತು ಕಾರಿಗೆ ಹಿಂಡಿದ ಸ್ಪಂಜು ಕೈಗೆತ್ತಿಕೊಂಡರೆ, ಮನೆಯಿಂದ ತಂದ ಬಟ್ಟೆ ಕೊಟ್ಟು “ಅಣ್ಣ, ಇದರಲ್ಲಿ ಮಾಡಿಬಿಡಿ” ಎನ್ನುವುದರಲ್ಲಿ ಸಂಕೋಚ ಬೇಡ. “ಏನ್ ಸಾರ್, ನಮ್ ಬಟ್ಟೆ ಮೇಲೆ ನಂಬಿಕೆ ಇಲ್ವಾ” ಎಂಬ ನಗೆಮಾತು ಬರುತ್ತದೆ, ಬರಲಿ.

ಈ ಜಿಲ್ಲೆಯ ಕಾರುಗಳಿಗೆ ಮರಳಿನಷ್ಟೇ ದೊಡ್ಡ ಶತ್ರು ನೀರು. ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ನಾಲ್ಕೂ ತಾಲ್ಲೂಕುಗಳನ್ನು ಕೇಂದ್ರ ಅಂತರ್ಜಲ ಮಂಡಳಿ ಅತಿಬಳಕೆಯ ಪಟ್ಟಿಯಲ್ಲಿಟ್ಟಿದೆ. ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸಿಲಿಕಾ ಕರಗಿರುತ್ತವೆ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಮಿನೊಳಗಿರಲಿ ಎನ್ನುತ್ತದೆ ಭಾರತೀಯ ಮಾನಕ. ಬೇರೆ ನೀರೇ ಇಲ್ಲದ ಕಡೆ 600ರವರೆಗೆ ಸಹಿಸಬಹುದು ಎಂದು ರಿಯಾಯಿತಿಯನ್ನೂ ಕೊಡುತ್ತದೆ. ಸ್ಟೀಲ್ ನಲ್ಲಿಯ ಮೇಲೆ, ಗೀಸರಿನ ಕಾಯಿಲ್ ಮೇಲೆ ಕಟ್ಟುವ ಬಿಳಿ ಪದರ ಕಾರಿನ ಮೇಲೂ ಕಟ್ಟುತ್ತದೆ. ಏಪ್ರಿಲ್ ಮಧ್ಯಾಹ್ನ ಕಪ್ಪು ಬಾನೆಟ್ 60 ಡಿಗ್ರಿ ದಾಟಿರುವಾಗ ಹನಿ ನಿಮಿಷದಲ್ಲಿ ಆವಿಯಾಗಿ, ಅಂಚಿನಲ್ಲಿ ಬಿಳಿ ಉಂಗುರ ಬಿಡುತ್ತದೆ. ಹೊಸ ಕಲೆಯಾದರೆ ನೀರು ಬೆರೆಸಿದ ವಿನಿಗರ್‌ನಲ್ಲಿ ಒರೆಸಿ ಕೂಡಲೇ ತೊಳೆದರೆ ಸುಣ್ಣದ ಅಂಶ ಕರಗುತ್ತದೆ. ಸಿಲಿಕಾ ಇದಕ್ಕೆ ಬಗ್ಗುವುದಿಲ್ಲ. ತಿಂಗಳುಗಟ್ಟಲೆ ಬಿಟ್ಟ ಕಲೆ ಕ್ಲಿಯರ್ ಕೋಟಿನೊಳಗೇ ಕುಳಿ ಮಾಡಿಕೊಳ್ಳುತ್ತದೆ.

ಹಾಗಾಗಿ ತೊಳೆದ ಕಾರು ತಾನೇ ಒಣಗಲಿ ಎಂದು ಬಿಡುವುದು ಈ ಊರಿಗೆ ಹೇಳಿಸಿದ್ದಲ್ಲ. ದಪ್ಪ ಮೈಕ್ರೊಫೈಬರ್ ಟವೆಲನ್ನು ಬಾನೆಟ್ಟಿನ ಮೇಲೆ ಹಾಸಿ, ಅಂಗೈಯಲ್ಲಿ ತಟ್ಟಿ, ಎತ್ತಿದರೆ ನೀರು ಅದರೊಳಗಿರುತ್ತದೆ. ಎಳೆಯಲೇಬೇಕಾದಾಗ ಮೆಲ್ಲಗೆ. ಗಾಜಿಗೆ ಬಳಸುವ ರಬ್ಬರ್ ವೈಪರನ್ನು ಬಣ್ಣದ ಮೇಲೆ ಎಳೆಯುವವರೂ ಇದ್ದಾರೆ. ಅಂಚಿಗೆ ಒಂದೇ ಒಂದು ಮರಳಿನ ಕಣ ಸಿಕ್ಕಿದರೆ ಟಾಪಿನ ಉದ್ದಕ್ಕೂ ಒಂದು ಗೆರೆ ಖಾಯಂ.

ಗಡಸು ನೀರಿಗೆ ಮದ್ದು ತಾರಸಿಯಿಂದಲೇ ಇಳಿಯುತ್ತದೆ. ಮಳೆನೀರಿನಲ್ಲಿ ಸುಣ್ಣವೂ ಇಲ್ಲ, ಸಿಲಿಕಾವೂ ಇಲ್ಲ ಎನ್ನಬಹುದು. ಕಾರಿನ ಕೊನೆಯ ಜಾಲಾಟಕ್ಕೆ ಅದಕ್ಕಿಂತ ಒಳ್ಳೆಯ ನೀರು ದುಡ್ಡು ಕೊಟ್ಟರೂ ಸಿಗದು. ಸಾವಿರ ಚದರಡಿ ತಾರಸಿಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಲೆಕ್ಕದಲ್ಲಿ 900 ಲೀಟರಿಗೂ ಹೆಚ್ಚು ನೀರು. ಸೋರಿ, ಆರಿ ಹೋದದ್ದನ್ನು ಕಳೆದರೂ ಒಂದು ಡ್ರಮ್ಮು ತುಂಬಲು ಒಂದು ಸಂಜೆಯ ಮಳೆ ಸಾಕು. ಬೆಂಗಳೂರಿನ ಮಳೆನೀರು ತಜ್ಞ ಎ.ಆರ್. ಶಿವಕುಮಾರ್ ತಮ್ಮ ವಿಜಯನಗರದ ಮನೆಯನ್ನೇ ಇದಕ್ಕೆ ಉದಾಹರಣೆಯಾಗಿ ಕಟ್ಟಿ ತೋರಿಸಿದರು. 2009ರಲ್ಲಿ ನಗರದ ನಿರ್ದಿಷ್ಟ ಅಳತೆಯ ಕಟ್ಟಡಗಳಿಗೆ ಮಳೆನೀರು ಸಂಗ್ರಹ ಕಡ್ಡಾಯವಾಯಿತು. ಕಾರಿಗಾಗಿ ಅಷ್ಟೆಲ್ಲ ಏರ್ಪಾಡು ಬೇಕಿಲ್ಲ. ತಾರಸಿಯ ಇಳಿಕೊಳವೆಯ ಬಾಯಿಗೆ ಒಂದು ನೀಲಿ ಡ್ರಮ್ಮು, ಮೇಲೊಂದು ಸೊಳ್ಳೆ ಪರದೆ ಸಾಕು. ಹಂಗಾಮಿನ ಮೊದಲ ಮಳೆಯ ನೀರನ್ನು ಹಿಡಿಯದೆ ಬಿಡಬೇಕು, ತಾರಸಿಯ ಧೂಳೆಲ್ಲ ಅದರಲ್ಲಿರುತ್ತದೆ. ಮಳೆಯಿಲ್ಲದ ತಿಂಗಳಲ್ಲಿ ಊರಿನ ಶುದ್ಧ ನೀರಿನ ಘಟಕದ ಕ್ಯಾನು ಇದೆ. ಕೊನೆಯ ಜಾಲಾಟಕ್ಕೆ ಅರ್ಧ ಕ್ಯಾನು ಸಾಕಾಗುತ್ತದೆ.

ನೀರಿನ ಮಾತು ಬಂದ ಮೇಲೆ 2024ರ ಬೇಸಿಗೆಯನ್ನು ಬಿಡುವ ಹಾಗಿಲ್ಲ. ಆ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ವಾಹನ ತೊಳೆಯಲು, ಕೈತೋಟಕ್ಕೆ, ಕಟ್ಟಡದ ಕೆಲಸಕ್ಕೆ ಕುಡಿಯುವ ನೀರು ಬಳಸಬಾರದೆಂದು ಆದೇಶ ಹೊರಡಿಸಿತು. ತಪ್ಪಿದರೆ 5,000 ರೂಪಾಯಿ ದಂಡ. ಮತ್ತೆ ತಪ್ಪಿದರೆ ದಿನಕ್ಕೆ 500 ರೂಪಾಯಿ ಹೆಚ್ಚುವರಿ. ಆ ತಿಂಗಳೇ 22 ಮನೆಗಳಿಂದ 1.1 ಲಕ್ಷ ರೂಪಾಯಿ ವಸೂಲಾದ ಸುದ್ದಿ ಪತ್ರಿಕೆಗಳಲ್ಲಿ ಬಂತು. 2025ರ ಫೆಬ್ರುವರಿಯಲ್ಲಿ ಆದೇಶ ಮತ್ತೆ ಬಂತು. ಆದೇಶ ನಗರಕ್ಕೆ, ಬತ್ತುವ ಬೋರ್‌ವೆಲ್ ಎಲ್ಲರಿಗೆ. ಇಲ್ಲಿ ಬಣ್ಣದ ಹಿತವೂ ನೀರಿನ ಹಿತವೂ ಒಂದೇ ದಾರಿಗೆ ಬಂದಿರುವುದು ಗಮನಿಸಬೇಕಾದ ಸಂಗತಿ. ಪೈಪು ತೆರೆದಿಟ್ಟು ಹತ್ತು ನಿಮಿಷ ತೊಳೆದರೆ ನೂರಾರು ಲೀಟರ್ ಹರಿದುಹೋಗುತ್ತದೆ. ಕೈಪಂಪಿನ ಸ್ಪ್ರೇಯರ್‌ನಲ್ಲಿ ನೆನೆಸಿ, ಎರಡು ಬಕೆಟ್ಟಿನಲ್ಲಿ ತೊಳೆದು, ಮಗ್ಗಿನಲ್ಲಿ ಜಾಲಾಡಿದರೆ ಐವತ್ತು ಅರವತ್ತು ಲೀಟರಿನಲ್ಲಿ ಕಾರು ಶುಭ್ರ. ಹೊಲಕ್ಕೆ ಔಷಧಿ ಹೊಡೆಯುವ ಸ್ಪ್ರೇಯರನ್ನು ಮಾತ್ರ ಇದಕ್ಕೆ ತರಬಾರದು, ಹೊಸದು ಕೊಳ್ಳಬೇಕು. ಜಾಲಾಡುವುದೇ ಬೇಡದ ದ್ರಾವಣಗಳೂ ಬಂದಿವೆ. ಒಂದೇ ಬಕೆಟ್ಟಿಗೆ ಒಂದು ಮುಚ್ಚಳ ಬೆರೆಸಿ, ಹಲವಾರು ಬಟ್ಟೆಗಳನ್ನು ನೆನೆಹಾಕಿ, ಒಂದೊಂದು ಭಾಗಕ್ಕೆ ಒಂದೊಂದು ಬಟ್ಟೆಯ ಹೊಸ ಮಗ್ಗುಲು ಬಳಸುವ ವಿಧಾನ. ತೆಳು ಧೂಳಿಗೆ ಇದು ತುಂಬ ಚೆನ್ನ, ಕೆಸರಿಗೆ ಆಗದು.

ಅಂಗಳದಿಂದ ಹೊರಟ ಸೋಪಿನ ನೀರು ಎಲ್ಲಿಗೆ ಹೋಗುತ್ತದೆ? ನೆಲಮಂಗಲ ಸೀಮೆಯ ನೀರಿನ ದೊಡ್ಡ ಪಾಲು ಅರ್ಕಾವತಿ, ಕುಮುದ್ವತಿ ಕಣಿವೆಗಳಿಗೆ ಇಳಿಯುತ್ತದೆ. ಎರಡೂ ಕೂಡುವಲ್ಲಿ, 1930ರ ದಶಕದಲ್ಲಿ, ಬೆಂಗಳೂರಿಗೆ ಕುಡಿಯುವ ನೀರು ಕೊಡಲೆಂದೇ ತಿಪ್ಪಗೊಂಡನಹಳ್ಳಿ ಜಲಾಶಯ ಕಟ್ಟಿದರು. ನಗರದ ಇನ್ನೊಂದು ತುದಿಯಲ್ಲಿ ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿ ಬರುತ್ತಿದ್ದುದನ್ನು ಕಂಡವರಿಗೆ ಮಾರ್ಜಕದ ಮಹಿಮೆ ಬೇರೆ ವಿವರಿಸಬೇಕಿಲ್ಲ. ಕಾರನ್ನು ಗಿಡ, ಮಣ್ಣು ಇರುವ ಕಡೆ ನಿಲ್ಲಿಸಿ ತೊಳೆದರೆ ನೀರು ನೆಲಕ್ಕೆ ಇಂಗಿ ಅಷ್ಟಾದರೂ ಸೋಸುತ್ತದೆ.

ತೊಳೆಯುವ ದಿನದವರೆಗೆ ಕಾಯಬಾರದ ಕೆಲವು ಕೊಳೆಗಳಿವೆ. ಹಕ್ಕಿಯ ಹಿಕ್ಕೆ ಅವುಗಳಲ್ಲಿ ಮುಖ್ಯ. ಅದರ ಆಮ್ಲವೊಂದೇ ಕಾರಣವಲ್ಲ. ಬಿಸಿಲಿಗೆ ಕ್ಲಿಯರ್ ಕೋಟ್ ಮೆದುವಾಗಿ ಹಿಗ್ಗುತ್ತದೆ, ಸಂಜೆ ತಣ್ಣಗಾಗಿ ಕುಗ್ಗುವಾಗ ಒಣಗಿದ ಹಿಕ್ಕೆಯ ಒರಟು ಅಚ್ಚನ್ನೇ ತನ್ನ ಮೇಲೆ ಒತ್ತಿಕೊಳ್ಳುತ್ತದೆ. ಉಗುರಿನಲ್ಲಿ ಕೆರೆಯದೆ, ಒದ್ದೆ ಬಟ್ಟೆಯನ್ನು ಅದರ ಮೇಲೆ ಹತ್ತು ನಿಮಿಷ ಹಾಕಿಟ್ಟು ಎತ್ತಿದರೆ ತಾನೇ ಬರುತ್ತದೆ. ಮಾವು ಹೂ ಬಿಡುವ ತಿಂಗಳಲ್ಲಿ ಮರದಡಿ ನಿಲ್ಲಿಸಿದ ಕಾರಿನ ಮೇಲೆ ಸಣ್ಣ ಅಂಟು ಹನಿಗಳು ಮುತ್ತುತ್ತವೆ. ಅದು ಮರದ ಹಾಲಲ್ಲ, ಜಿಗಿಹುಳು ಬಿಡುವ ಸಿಹಿ ದ್ರವ. ಬೆಚ್ಚನೆ ಶಾಂಪೂ ನೀರಿಗೆ ಕರಗುತ್ತದೆ, ಒಣಗಿದ ಮೇಲೆ ಧೂಳನ್ನೆಲ್ಲ ಹಿಡಿದು ಕರಿ ಪದರವಾಗುತ್ತದೆ. ರಾತ್ರಿ ತುಮಕೂರಿನಿಂದ ಬಂದ ಕಾರಿನ ಮುಂಭಾಗದ ಹುಳುಗಳನ್ನೂ ಮರುದಿನವೇ ನೆನೆಸಿ ತೆಗೆಯುವುದು ಮೇಲು. ಹೊಸ ರಸ್ತೆಯ ಡಾಂಬರಿನ ಚುಕ್ಕೆಗಳಿಗೆ ಸೀಮೆಎಣ್ಣೆ ಹಳೆಯ ಮದ್ದು. ಬಟ್ಟೆಗೆ ನಾಲ್ಕು ಹನಿ ಹಾಕಿ, ಚುಕ್ಕೆ ಕರಗಿದ ಕೂಡಲೇ ಶಾಂಪೂವಿನಲ್ಲಿ ತೊಳೆದರೆ ಬಣ್ಣಕ್ಕೆ ಕೇಡಿಲ್ಲ. ಇಡೀ ಕಾರಿಗೆ ಡೀಸೆಲ್ ಸವರಿ ಮಿಂಚಿಸುವ ಪದ್ಧತಿ ಮಾತ್ರ ನಿಲ್ಲಬೇಕು. ಮಿಂಚು ಅರ್ಧ ದಿನದ್ದು, ಅಂಟಿದ ಧೂಳು ವಾರದ್ದು.

ಇನ್ನು ಆಯುಧಪೂಜೆ. ಮೈಸೂರು ಅರಮನೆಯಲ್ಲಿ ಆ ಬೆಳಿಗ್ಗೆ ಪಟ್ಟದ ಕತ್ತಿ ಮೊದಲಾದ ಆಯುಧಗಳನ್ನು ಕೋಡಿ ಸೋಮೇಶ್ವರ ದೇವಸ್ಥಾನಕ್ಕೆ ಒಯ್ದು ಶುದ್ಧಿ ಮಾಡಿ ತರುತ್ತಾರೆ. ಆಮೇಲೆ ಪೂಜೆಗೆ ಆನೆ, ಕುದುರೆಗಳ ಜೊತೆ ಅರಮನೆಯ ಕಾರುಗಳೂ ನಿಲ್ಲುತ್ತವೆ. ಅರಿಶಿನಕುಂಟೆಯಲ್ಲಿ ಲಾರಿ, ಟ್ರ್ಯಾಕ್ಟರು, ಆಟೊ, ಸೈಕಲ್ಲಿಗೂ ಅಂದು ಸ್ನಾನ. ವರ್ಷದಲ್ಲಿ ಅತಿ ಹೆಚ್ಚು ಕಾರು ತೊಳೆಯುವ ದಿನ ಇದೇ ಇರಬೇಕು. ಅತಿ ಅವಸರದ ದಿನವೂ ಹೌದು, ರಾಹುಕಾಲ ಶುರುವಾಗುವುದರೊಳಗೆ ಎಲ್ಲ ಮುಗಿಯಬೇಕಲ್ಲ.

ಪೂಜೆಗೆ ಅಡ್ಡಿ ಹೇಳುವವರು ಯಾರೂ ಇಲ್ಲ, ಆದರೆ ಅದರ ಸಾಮಗ್ರಿಯ ಗುಣ ತಿಳಿದಿರಲಿ. ಅರಿಶಿನದ ಬಣ್ಣ ಬಿಳಿ ಕಾರಿಗೆ, ಅದಕ್ಕಿಂತ ಹೆಚ್ಚಾಗಿ ಪ್ಲಾಸ್ಟಿಕ್ ಬಂಪರಿಗೆ ಹಿಡಿಯುತ್ತದೆ. ಸೋಪಿನ ಪುಡಿ ಹಾಕಿ ತಿಕ್ಕಿದರೆ ಕ್ಷಾರಕ್ಕೆ ಕೆಂಪಾಗಿ ಇನ್ನಷ್ಟು ಗಾಬರಿ ಹುಟ್ಟಿಸುತ್ತದೆ. ತೊಳೆದು ಬಿಸಿಲಿಗೆ ಬಿಟ್ಟರೆ ಕೆಲವೇ ದಿನಗಳಲ್ಲಿ ಕಲೆ ತಾನಾಗಿ ಮಾಸುತ್ತದೆ, ಅರಿಶಿನದ ಬಣ್ಣ ಬೆಳಕಿಗೆ ತಡೆಯದು. ಅಗ್ಗದ ಕುಂಕುಮದ ಕೃತಕ ಬಣ್ಣಕ್ಕೆ ಈ ಉಪಕಾರಬುದ್ಧಿ ಇಲ್ಲ. ಕುಂಕುಮ, ಅರಿಶಿನಗಳನ್ನು ಗಾಜಿನ ಮೇಲೋ ನಂಬರ್ ಪ್ಲೇಟಿನ ಪಕ್ಕದಲ್ಲೋ ಇಟ್ಟರೆ ದೇವಿಗೂ ಬೇಸರವಾಗದು. ಬಾಳೆಕಂದು, ಚೆಂಡುಹೂವಿನ ಹಾರ ಬಿಗಿಯಾಗಿ ಕಟ್ಟಿ ಹೆದ್ದಾರಿಗೆ ಇಳಿದರೆ ಗಾಳಿಗೆ ಅದು ಬಣ್ಣದ ಮೇಲೆ ಉಜ್ಜುತ್ತಲೇ ಇರುತ್ತದೆ; ಹಾರದೊಳಗೆ ತಂತಿಯಿದ್ದರೆ ಇನ್ನೂ ಕಷ್ಟ. ಬೂದುಗುಂಬಳ ಒಡೆದಾಗ, ಚಕ್ರದಡಿ ನಿಂಬೆಹಣ್ಣು ಸಿಡಿದಾಗ ಹಾರಿದ ರಸವನ್ನು ಅಂದೇ ನೀರು ಹಾಕಿ ತೊಳೆದರೆ ಸಾಕು. ಒಣಗಿದ ಗಂಧವನ್ನು ಕೆರೆಯುವುದಕ್ಕಿಂತ ನೆನೆಸುವುದು ಲೇಸು. ದಶಮಿಯ ಬೆಳಿಗ್ಗೆ ಒಣ ಬಟ್ಟೆಯಲ್ಲಿ ಎಲ್ಲವನ್ನೂ ಒಂದೇ ಸಲಕ್ಕೆ ಒರೆಸಿ ಎಸೆಯುವ ಕೈ ಎಷ್ಟೋ ಕಾರುಗಳಿಗೆ ವರ್ಷದ ಅತಿ ಆಳದ ಗೀರು ಕೊಡುತ್ತದೆ.

ಬಿದ್ದ ಗೀರನ್ನು ತೆಗೆಯಬಹುದೇ? ಬಹುದು, ಗೀರನ್ನು ತುಂಬಿಸಿ ಅಲ್ಲ, ಅದರ ಸುತ್ತಲಿನ ಪದರವನ್ನು ಗೀರಿನ ಆಳದವರೆಗೆ ಸವೆಸಿ. ಗ್ಯಾರೇಜಿನಲ್ಲಿ ರಬ್ಬಿಂಗ್, ಪಾಲಿಶ್ ಎಂದು ಮಾಡುವುದು ಇದನ್ನೇ. ಒಂದು ಸಲದ ರಬ್ಬಿಂಗಿಗೆ ಕ್ಲಿಯರ್ ಕೋಟಿನ ಕೆಲವು ಮೈಕ್ರಾನ್ ಹೋಗುತ್ತದೆ. ಇರುವುದು 40ರ ಆಸುಪಾಸು ಎಂಬುದನ್ನು ನೆನೆದರೆ, ಪ್ರತಿ ಸರ್ವೀಸಿಗೂ “ರಬ್ಬಿಂಗ್ ಹಾಕಿಬಿಡ್ಲಾ ಸಾರ್?” ಎಂದು ಕೇಳಿದಾಗ ಹೂಂ ಅನ್ನುವ ಮೊದಲು ಯೋಚಿಸಬೇಕಾಗುತ್ತದೆ. ಒಳ್ಳೆಯ ಕಸುಬುದಾರ ಮೊದಲು ಬಣ್ಣದ ದಪ್ಪ ಅಳೆಯುವ ಮೀಟರನ್ನು ಬಾನೆಟ್, ಬಾಗಿಲುಗಳಿಗೆ ತಾಗಿಸಿ ನೋಡುತ್ತಾನೆ. ಮೂಲೆ, ಮಡಿಕೆಗಳಲ್ಲಿ ಬಣ್ಣ ತೆಳುವಾಗಿರುವುದರಿಂದ ಅಲ್ಲಿ ಮೆಷಿನ್ ಇಡುವುದೇ ಇಲ್ಲ. ಮೇಣವೋ ಸೆರಾಮಿಕ್ ಕೋಟಿಂಗೋ ಹಾಕಿಸಿದ ಕಾರಿನಲ್ಲಿ ಕೊಳೆ ಸುಲಭವಾಗಿ ಜಾರುತ್ತದೆ, ತೊಳೆಯುವ ಕೆಲಸ ಹಗುರವಾಗುತ್ತದೆ. ಅದಿದೆ ಎಂದು ಒಣ ಬಟ್ಟೆ ಎಳೆದರೆ ಗೀರು ಬಿದ್ದೇ ಬೀಳುತ್ತದೆ. ಜಾಹೀರಾತಿನಲ್ಲಿ ಕಾರಿನ ಮೇಲೆ ಬೆಂಕಿಕಡ್ಡಿ ಗೀರಿ ತೋರಿಸುವುದನ್ನು ನೋಡಿ ಮೋಸಹೋಗಬಾರದು. ಟಿಂಕರಿಂಗ್ ಆಗಿ ಹೊಸದಾಗಿ ಬಣ್ಣ ಹೊಡೆಸಿದ ಭಾಗಕ್ಕಾದರೆ ಸುಮಾರು ಒಂದು ತಿಂಗಳು ಮೇಣವನ್ನೂ ಹಚ್ಚುವಂತಿಲ್ಲ. ಗ್ಯಾರೇಜಿನ ಬಣ್ಣ ಕಾರ್ಖಾನೆಯ ಒಲೆಯಷ್ಟು ಬಿಸಿಯಲ್ಲಿ ಬೆಂದಿರುವುದಿಲ್ಲ, ಒಳಗಿನ ದ್ರಾವಕ ವಾರಗಟ್ಟಲೆ ಹೊರಬರುತ್ತಿರುತ್ತದೆ. ಆ ತಿಂಗಳು ಅದಕ್ಕೆ ಬರಿಯ ತಣ್ಣೀರು, ಒಂದು ಮೆತ್ತನೆಯ ಟವೆಲು.